ಬೀಜದ ಸಾಲಿನ ಐದು ಸಸಿ

ಬಾತ್ಯಾ
ಅಕ್ಟೋಬರ್ ೯, ಗುರುವಾರ

ಪ್ರೀತಿಯ ಅತ್ತೆಮ್ಮಾ,

ಹೇಗಿದ್ದೀರಿ? ಮೊಣಕಾಲು ಹೇಗಿದೆ? ಪೇಚ್ ನಗರದ ಆ ಮೂರನೇ ಮಹಡಿಯನ್ನು ದಿನಕ್ಕೆ ಎಷ್ಟು ಸಲ ಹತ್ತಿ ಇಳಿಯುತ್ತೀರೋ ಎಂದು ಅಂಬ್ರುಶ್ ಚಿಂತೆ ಮಾಡುತ್ತಲೇ ಇರುತ್ತಾನೆ. ಚಿಂತೆ ಎಂದರೆ, ಊಟಕ್ಕೆ ಕೂತಾಗ ಒಮ್ಮೆ ನಿಟ್ಟುಸಿರು ಬಿಟ್ಟು ಎರಡನೇ ಸಲ ಬಡಿಸಿಕೊಳ್ಳುವುದು. ನಿಮ್ಮ ಮಗ ನಿಮಗೇ ಗೊತ್ತಲ್ಲ! ಕಿಂಗಾ ಅತ್ತಿಗೆ ಈಗ ಎದ್ದು ಓಡಾಡುತ್ತಿದ್ದಾರಾ? ಅವಳಿ ಪುಟಾಣಿಗಳ ಫೋಟೊ ತಲುಪಿತು, ಅದನ್ನು ಬ್ರೆಡ್ ಡಬ್ಬಿಗೆ ಒರಗಿಸಿ ಇಟ್ಟಿದ್ದೇನೆ. ಎಡಗಡೆ ಹಳದಿ ಟೋಪಿ ಹಾಕಿಕೊಂಡು, ಥೇಟ್ ನಿಮ್ಮ ಹಾಗೆ ಹುಬ್ಬು ಗಂಟಿಕ್ಕಿ ಕೂಗುತ್ತಿರುವುದು ಯಾರು, ಹುಡುಗನಾ ಹುಡುಗಿಯಾ? ಯಾರೇ ಆಗಿರಲಿ, ಅದಕ್ಕೆ ನನ್ನ ಕಡೆಯಿಂದ ಎರಡು ಮುತ್ತು ಹೆಚ್ಚಿಗೆ ಕೊಡಿ.

ಫೋನ್ ಮಾಡಬಹುದಿತ್ತು. ಆದರೆ ಫೋನಿನಲ್ಲಿ ನೀವು "ಸರಿ ಸರಿ, ಎಲ್ಲಾ ಚೆನ್ನಾಗಿದೆ ತಾನೆ, ಇಡ್ತೀನಿ" ಎಂದು ನಾನು ಬಾಯಿ ತೆರೆಯುವ ಮೊದಲೇ ಇಟ್ಟುಬಿಡುತ್ತೀರಿ. ಈ ಸಲ ಎಲ್ಲಾ ಚೆನ್ನಾಗಿಲ್ಲ. ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಧೈರ್ಯ ಸೋರಿಹೋಗುತ್ತದೆ: ಇದು ನಿಮ್ಮ ಮೆಣಸಿನಕಾಯಿ ಬೀಜದ ವಿಷಯ. ನಾನೊಂದು ತಪ್ಪು ಮಾಡಿದ್ದೇನೆ. ಬರುವ ಮಾರ್ಚಿನಲ್ಲಿ ಬಿತ್ತಲು ನಿಮ್ಮ ಬೀಜ ಉಳಿದಿದೆಯೋ ಇಲ್ಲವೋ ಇವತ್ತಿಗೂ ನನಗೆ ಗೊತ್ತಿಲ್ಲ. ನೋಡಿ, ಬರೆದೇಬಿಟ್ಟೆ. ಈಗ ದಯವಿಟ್ಟು ಕುರ್ಚಿಯಲ್ಲಿ ಕೂತುಕೊಳ್ಳಿ, ಮಗುವನ್ನು ಬೇರೆ ಯಾರ ಕೈಗಾದರೂ ಕೊಡಿ, ಆಮೇಲೆ ಮುಂದೆ ಓದಿ. ನಡುವಿನ ಪುಟಗಳನ್ನು ಹಾರಿಸಬೇಡಿ. ತಪ್ಪಿನ ಜೊತೆಗೆ ಒಳ್ಳೆಯದೂ ನಡೆದಿದೆ, ಅದನ್ನೂ ನೀವು ಕೇಳಲೇಬೇಕು.

ಮೊದಲು ಗೋಡೆಯ ಸುದ್ದಿ. ಅತ್ತೆಮ್ಮಾ, ನಿಮ್ಮ ಗೋಡೆಯನ್ನು ನೀವು ಈಗ ನೋಡಬೇಕಿತ್ತು! ಸೂರಿನ ಕೆಳಗೆ ಈ ತುದಿಯಿಂದ ಆ ತುದಿಗೆ ಖಾರವಿಲ್ಲದ ನಿಮ್ಮ ಸಿಹಿ ಮೆಣಸಿನಕಾಯಿಯ ಮೂವತ್ತನಾಲ್ಕು ಕೆಂಪು ಸರ ನೇತಾಡುತ್ತಿವೆ. ಬೆಳಗಿನ ಬಿಸಿಲು ಬಿದ್ದಾಗ ಬಿಳಿ ಸುಣ್ಣದ ಗೋಡೆಯೇ ನಾಚಿಕೊಂಡ ಹಾಗೆ ಕಾಣುತ್ತದೆ. ನದಿಯ ದಂಡೆಯಲ್ಲಿ ಸೈಕಲ್ ಹೊಡೆಯುತ್ತಾ ಬರುವ ಜರ್ಮನ್ನರು ಇಳಿದು ಫೋಟೊ ತೆಗೆದುಕೊಂಡು ಹೋಗುತ್ತಾರೆ. ಒಬ್ಬರು ನನ್ನನ್ನು "ಇದು ನಿಮ್ಮದೇ?" ಎಂದು ಕೇಳಿದರು. "ನನ್ನ ಅತ್ತೆಯದು" ಎನ್ನುವಾಗ ನನ್ನ ಎದೆ ಎಷ್ಟು ಉಬ್ಬಿತೆಂದರೆ ಏಪ್ರನ್ನಿನ ಗಂಟು ಬಿಚ್ಚಿಹೋಯಿತು, ನಿಜವಾಗಿಯೂ!

ನಾನು ಬುಡಾಪೆಸ್ಟಿನ ಇಂಗ್ಲಿಷ್ ಶಾಲೆಯಲ್ಲಿ ಹನ್ನೆರಡು ವರ್ಷ ಓದಿದೆ. ಅಲ್ಲಿ ಒಂದು ಹುರುಳಿಕಾಯಿ ಬೀಜವನ್ನು ಹತ್ತಿಯಲ್ಲಿಟ್ಟು ಮೊಳಕೆ ಬರಿಸಿ, ಅದರ ಚಿತ್ರ ಬರೆದು, ಬಾಣದ ಗುರುತು ಹಾಕಿ ಭಾಗಗಳ ಹೆಸರು ಬರೆದಿದ್ದೆ. ಹತ್ತಕ್ಕೆ ಹತ್ತು ಅಂಕ ಬಂದಿತ್ತು. ಅದೇ ನನ್ನ ಕೃಷಿ. ಮದುವೆಯಾಗಿ ಬಂದ ಮುಂದಿನ ತಿಂಗಳೇ ನೀವು ಬೀಜವನ್ನು ಮೊಳಕೆ ಬರಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿ, ಸಣ್ಣ ಚೀಲಕ್ಕೆ ಹಾಕಿ, ಏಪ್ರನ್ನಿನ ಒಳಗೆ ಹೊಟ್ಟೆಗೆ ಕಟ್ಟಿಕೊಂಡು ಅಡುಗೆ ಮಾಡುತ್ತಿದ್ದುದನ್ನು ನೋಡಿ ನಾನು ಬಿದ್ದು ಬಿದ್ದು ನಕ್ಕಿದ್ದೆ. ನೀವು ಮುಖ ತಿರುಗಿಸದೆ ಹೇಳಿದ್ದಿರಿ: "ಒಲೆ ಮರೆತುಹೋಗುತ್ತೆ, ಆರಿಹೋಗುತ್ತೆ. ಹೊಟ್ಟೆ ಮರೆಯಲ್ಲ, ಹುಡುಗಿ." ಮೇ ತಿಂಗಳಿನದು ಇನ್ನೂ ಚೆನ್ನಾಗಿ ನೆನಪಿದೆ. ಇಡೀ ಬೀದಿಯವರು ಸಸಿ ನೆಟ್ಟು ಮುಗಿಸಿದ್ದರು. ನೀವು ಮಾತ್ರ ಮೇ ನಡುವಿನ ಹಿಮದ ಮೂವರು ಸಂತರ ದಿನ ಕಳೆಯಲಿ, ಆಮೇಲೆ ಹಿಮ ಬೀಳದು ಎಂದು ಸಸಿಗಳನ್ನು ಗೊಬ್ಬರದ ಪಾತಿಯಲ್ಲೇ ಹುಲ್ಲು ಹೊದಿಸಿ ಮಲಗಿಸಿದ್ದಿರಿ. ವಿಲ್ಮಾ ದೊಡ್ಡಮ್ಮ ಬೇಲಿಯಾಚೆಯಿಂದ "ಏನೇ ಎಟೆಲ್ಕಾ, ಕ್ರಿಸ್‌ಮಸ್‌ಗೆ ನೆಡ್ತೀಯಾ?" ಎಂದು ಕಿಚಾಯಿಸುತ್ತಿದ್ದರು. ಹದಿಮೂರನೇ ತಾರೀಕಿನ ಬೆಳಗ್ಗೆ ಎದ್ದು ನೋಡಿದರೆ ಎಲ್ಲರ ಮನೆಯ ಸಸಿಗಳೂ ಕಪ್ಪಾಗಿ ಮಲಗಿದ್ದವು.  ನೀವು ನಮ್ಮ ತೋಟಕ್ಕೆ ಬೇಕಾದಷ್ಟು ಇಟ್ಟುಕೊಂಡು, ಮಿಕ್ಕ ಸಸಿಗಳನ್ನು ಬುಟ್ಟಿಯಲ್ಲಿ ಹಾಕಿ ಬೇಲಿಯ ಮೇಲಿಂದ ವಿಲ್ಮಾ ದೊಡ್ಡಮ್ಮನ ಕೈಗೆ ಕೊಟ್ಟಿರಿ. ಆ ದಿನ ನಾನು ಅಂಬ್ರುಶ್‌ಗೆ ಹೇಳಿದೆ, "ನಿನ್ನನ್ನು ಮದುವೆಯಾಗಿದ್ದಕ್ಕೆ ಸಿಕ್ಕ ಅತಿ ದೊಡ್ಡ ಲಾಭ ನಿನ್ನ ಅಮ್ಮ" ಎಂದು. ಅವನು ಎರಡು ದಿನ ಮುಖ ಊದಿಸಿಕೊಂಡಿದ್ದ.

ಮೇ ಕೊನೆಯಲ್ಲಿ ಕಿಂಗಾ ಅತ್ತಿಗೆಯನ್ನು ಡಾಕ್ಟರು ಹಾಸಿಗೆಯಿಂದ ಏಳಕೂಡದು ಎಂದಾಗ ನೀವು ಒಂದೇ ಚೀಲ ಹಿಡಿದು ಬಸ್ ಹತ್ತಿದಿರಿ. ಬಸ್ಸಿನ ಮೆಟ್ಟಿಲ ಮೇಲೆ ನಿಂತು ನನಗೆ ಹೇಳಿದ್ದು ಇಷ್ಟೇ: "ನೀರು ಬೇರಿಗೆ, ಎಲೆಗಲ್ಲ. ಕಾಯಿ ಕೆಂಪಾಯ್ತು ಅಂತ ಕೀಳ್ಬೇಡ, ಇನ್ನೂ ಹತ್ತು ದಿನ ಕಾಯಿ. ಬಾವಿ ಪಕ್ಕದ ಸಾಲು ಬೀಜಕ್ಕೆ. ಅದು ನಿನ್ನ ಕೈಲಿದೆ." ಅಂಬ್ರುಶ್ ಕೈಲಿ ಅನ್ನಲಿಲ್ಲ, ವಿಲ್ಮಾ ಕೈಲಿ ಅನ್ನಲಿಲ್ಲ. ನಿಮ್ಮ ತಾಯಿ ಆರಿಸಿ ಆರಿಸಿ ಉಳಿಸಿದ ಬೀಜ, ಆಮೇಲೆ ನೀವು ನಲವತ್ತೊಂದು ವರ್ಷ ಉಳಿಸಿದ ಬೀಜ, ಮೂರು ತಿಂಗಳ ಸೊಸೆಯ ಕೈಗೆ! ನಾನು ಬಸ್ ನಿಲ್ದಾಣದಿಂದ ಮನೆತನಕ ಕುಣಿಯುತ್ತಾ ಬಂದೆ. ಪಾದ್ರಿಗಳ ಮನೆಯ ಅಡುಗೆಯಾಕೆ ಕಿಟಕಿಯಿಂದ ನೋಡಿ "ಅತ್ತೆ ಊರಿಗೆ ಹೋದ್ರೆ ಸೊಸೆಗೆ ಇಷ್ಟು ಖುಷಿನಾ?" ಎಂದು ಊರಿಗೆಲ್ಲ ಹೇಳಿದರಂತೆ.

ಈಗ ತಪ್ಪಿನ ವಿಷಯಕ್ಕೆ ಬರುತ್ತೇನೆ.

ಜೂನ್ ಎರಡನೇ ವಾರ ಬೀಜದ ಸಾಲಿನ ಅರವತ್ತು ಸಸಿಗಳಲ್ಲಿ ಒಂದು ಬಾಡಿತು. ನೀರು ಹಾಕಿದೆ. ಮಾರನೆ ದಿನ ಇನ್ನೆರಡು ಬಾಡಿದವು. ಕಿತ್ತು ನೋಡಿದರೆ ಬೇರೇ ಇಲ್ಲ. ಮಣ್ಣಿನಲ್ಲಿ ದಪ್ಪ ಬಿಳಿ ಗೊಣ್ಣೆಹುಳುಗಳು ಸುರುಳಿ ಸುತ್ತಿಕೊಂಡು ಊಟ ಮುಗಿಸಿ ಮಲಗಿದ್ದವು. ಒಟ್ಟು ಐದು ಸಸಿ ಹೋದವು. ಆ ದಿನವೇ ನಿಮಗೆ ಹೇಳಿದ್ದರೆ ನೀವು "ಐವತ್ತೈದು ಸಾಕು" ಎನ್ನುತ್ತಿದ್ದಿರಿ ಎಂದು ಈಗ ಗೊತ್ತು. ಆಗ ನನಗೆ ಕಂಡದ್ದು ಸಾಲಿನಲ್ಲಿ ಹಲ್ಲು ಬಿದ್ದ ಹಾಗಿದ್ದ ಐದು ಸಂದುಗಳು ಮಾತ್ರ. ನೀವು ಬಂದು ಮೊದಲು ನೋಡುವುದೇ ಆ ಸಂದುಗಳನ್ನು ಎನಿಸಿತು. ಶನಿವಾರ ಕಲೋಚಾದ ಸಂತೆಗೆ ಹೋಗಿ, ಟೋಪಿ ಹಾಕಿಕೊಂಡಿದ್ದ ಒಬ್ಬ ಮುದುಕನ ಹತ್ತಿರ ಐದು ಸಸಿ ಕೊಂಡೆ. "ಸಿಹಿದು ತಾನೆ?" ಎಂದು ಎರಡು ಸಲ ಕೇಳಿದೆ. "ಜೇನು ಕಣಮ್ಮಾ, ಜೇನು! ಸುಳ್ಳಾದ್ರೆ ಬಂದು ನನ್ನ ಮೀಸೆ ಕೀಳು" ಎಂದ. ತಂದು ಸಂದುಗಳಲ್ಲಿ ನೆಟ್ಟೆ, ಮಣ್ಣು ಒತ್ತಿದೆ, ದೂರ ನಿಂತು ನೋಡಿದೆ. ಸಾಲು ತುಂಬಿತ್ತು. ಆ ವಾರದ ಪತ್ರದಲ್ಲಿ ನಿಮಗೆ "ಅರವತ್ತೂ ಚೆನ್ನಾಗಿವೆ" ಎಂದು ಬರೆದೆ. ಅತ್ತೆಮ್ಮಾ, ಆ ಒಂದು ಸಾಲು ಸುಳ್ಳು. ಉಳಿದ ಎಲ್ಲಾ ಪತ್ರಗಳಲ್ಲಿ ಬರೆದದ್ದೆಲ್ಲ ನಿಜ, ನಿಮ್ಮ ಕೋಳಿ ವಿಲ್ಮಾ ದೊಡ್ಡಮ್ಮನ ಟೋಪಿಯಲ್ಲಿ ಮೊಟ್ಟೆಯಿಟ್ಟದ್ದೂ ನಿಜ.

ಬೇಸಿಗೆಯೆಲ್ಲ ಆ ಐದು ಗಿಡಗಳು ಉಳಿದವಕ್ಕಿಂತ ಚೆನ್ನಾಗಿ ಬೆಳೆದವು. ಅದೇ ಎಲೆ, ಅದೇ ಬಿಳಿ ಹೂ, ಅದೇ ಉದ್ದದ ಕಾಯಿ. ಜೇನುಹುಳುಗಳು ಒಂದು ಗಿಡದಿಂದ ಇನ್ನೊಂದಕ್ಕೆ ಹಾರುವಾಗ ನಾನು ಬಾವಿಯ ಕಟ್ಟೆಯ ಮೇಲೆ ಕೂತು ಅವುಗಳಿಗೆ ಹಾಡು ಬೇರೆ ಹೇಳುತ್ತಿದ್ದೆ.

ಸೆಪ್ಟೆಂಬರ್ ಇಪ್ಪತ್ತರಂದು ಪೋಣಿಸುವುದಕ್ಕೆ ವಿಲ್ಮಾ ದೊಡ್ಡಮ್ಮ ಮತ್ತು ಅವರ ನಾದಿನಿ ರೆಗಿನಾ ತಮ್ಮ ತಮ್ಮ ದಬ್ಬಳ ಹಿಡಿದು ಬಂದರು. ಬೀಜದ ಸಾಲಿನ ಕಾಯಿಗಳನ್ನು ನೀವು ಹೇಳಿದ ಹಾಗೆ ಬೇರೆ ರಾಶಿ ಮಾಡಿದ್ದೆ. ತೊಟ್ಟಿನ ದಪ್ಪ ಭಾಗಕ್ಕೆ ದಬ್ಬಳ ಚುಚ್ಚಿ, ಒಂದು ಕಾಯಿ ಈ ಕಡೆ, ಒಂದು ಕಾಯಿ ಆ ಕಡೆ, ಗಾಳಿಯಾಡುವ ಹಾಗೆ. ಅವರಿಬ್ಬರ ಕೈ ಓಡುವುದನ್ನು ನೋಡುತ್ತಾ ಕೂತರೆ ಹೊತ್ತು ಹೋದದ್ದೇ ತಿಳಿಯುವುದಿಲ್ಲ. ಬಾಯಿ ಅದಕ್ಕಿಂತ ವೇಗ. ನಡುವೆ ರೆಗಿನಾ ಮೂಗು ತುರಿಸಿಕೊಂಡು "ಅಯ್ಯಯ್ಯೋ, ಏನೇ ಇದು, ಮೂಗು ಉರೀತಿದೆ!" ಎಂದು ಎದ್ದು ನಿಂತರು. ವಿಲ್ಮಾ ದೊಡ್ಡಮ್ಮ ತಲೆ ಎತ್ತದೆ, "ಕಂಡವರ ಮನೆ ವಿಷಯಕ್ಕೆಲ್ಲ ತೂರಿಸಿದ್ರೆ ಉರಿಯದೆ ಇನ್ನೇನಾಗುತ್ತೆ?" ಎಂದರು. ಎಲ್ಲರೂ ನಕ್ಕೆವು. ನಕ್ಕು ನಕ್ಕು ವಿಲ್ಮಾ ದೊಡ್ಡಮ್ಮನಿಗೆ ಕಣ್ಣಲ್ಲಿ ನೀರು ಬಂತು, ಬೆರಳಿನಿಂದ ಒರೆಸಿಕೊಂಡರು. ಆಮೇಲೆ ಯಾರೂ ನಗಲಿಲ್ಲ. ಅವರನ್ನು ಬಾವಿಯ ಹತ್ತಿರ ಕರೆದುಕೊಂಡು ಹೋಗಿ ಹಾಲಿನಿಂದ ಕಣ್ಣು ತೊಳೆದೆವು. ಒಂದು ಕಣ್ಣು ಮುಚ್ಚಿಕೊಂಡೇ ಅವರು ನನ್ನನ್ನು ನೋಡಿ ಕೇಳಿದರು: "ಎಟೆಲ್ಕಾ ತೋಟದಲ್ಲಿ ಖಾರ ಎಲ್ಲಿಂದ ಬಂತೇ?" ಚರ್ಚಿನಲ್ಲಿ ಯಾರೋ ಸಿಳ್ಳೆ ಹೊಡೆದರೇನೋ ಎನ್ನುವ ಧ್ವನಿ ಅದು.

ನಾನು ಅಲ್ಲೇ ಎಲ್ಲವನ್ನೂ ಹೇಳಿಬಿಟ್ಟೆ. ಖಾರದ ಕಾಯಿಗಳು ಆಗಲೇ ಸಿಹಿಯ ಜೊತೆ ಎರಡು ಸರಗಳಲ್ಲಿ ಸೇರಿಹೋಗಿದ್ದವು, ನೋಡಲು ಎಲ್ಲವೂ ಒಂದೇ. ಅಷ್ಟರಲ್ಲಿ ಫೆರಿಯ ಕೆಲಸ ಮುಗಿಸಿ ನಿಮ್ಮ ಮಗ ಬಂದ. ಸರ ಬಿಚ್ಚಿ, ಒಂದೊಂದು ಕಾಯಿಯ ತೊಟ್ಟಿನ ಹತ್ತಿರ ಉಗುರಿನಿಂದ ಗೀರಿ, ನಾಲಿಗೆಗೆ ಮುಟ್ಟಿಸಿ ನೋಡುವ ಕೆಲಸವನ್ನು ತಾನೇ ವಹಿಸಿಕೊಂಡ. ಪಕ್ಕದಲ್ಲಿ ಹಾಲಿನ ಜಗ್ಗು. "ಸಿಹಿ... ಸಿಹಿ... ಸಿಹಿ..." ಎನ್ನುತ್ತಾ ಇದ್ದವನು ಇದ್ದಕ್ಕಿದ್ದ ಹಾಗೆ ಮೌನವಾಗಿಬಿಡುತ್ತಿದ್ದ, ಕಿವಿಯ ತುದಿ ಕೆಂಪಾಗುತ್ತಿತ್ತು, ಆಗ ನಾವು ಆ ಕಾಯಿಯನ್ನು ಬೇರೆ ಬುಟ್ಟಿಗೆ ಹಾಕುತ್ತಿದ್ದೆವು. ಐವತ್ತೆಂಟು ಸಿಕ್ಕಿದವು. ಡ್ಯಾನ್ಯೂಬಿನ ಪ್ರವಾಹದಲ್ಲಿ ಲಾರಿಗಳನ್ನು ದಾಟಿಸುವ ಗಂಡಸು ತುಟಿ ಊದಿಸಿಕೊಂಡು ಗಳಗಳ ಅಳುತ್ತಾ ಕೂತಿದ್ದ. "ನಿನ್ನ ಮೇಲಿನ ಪ್ರೀತಿಗೆ ಅಂತ ತಿಳ್ಕೊಬೇಡ" ಎಂದ, "ಅಮ್ಮನ ಮೇಲಿನ ಭಯಕ್ಕೆ." ಅತ್ತೆಮ್ಮಾ, ನಿಮ್ಮ ಮಗನನ್ನು ನಾನು ಆ ಹೊತ್ತು ಎಷ್ಟು ಪ್ರೀತಿಸಿದೆನೆಂದರೆ ಅದನ್ನು ಅತ್ತೆಗೆ ಬರೆಯುವುದು ಸಭ್ಯತೆಯಲ್ಲ.

ಖಾರದ ಕಾಯಿ ಹೊರಗೆ ಹೋದ ಮೇಲೆ ಎಲ್ಲಾ ಸರಿಹೋಯಿತು ಎಂದುಕೊಂಡೆ. ಸಿಹಿ ಕಾಯಿಗಳು ಸಿಹಿಯಾಗೇ ಇದ್ದವಲ್ಲ! ಆಗ ವಿಲ್ಮಾ ದೊಡ್ಡಮ್ಮ ಒಂದು ಸಿಹಿ ಕಾಯಿಯನ್ನು ಮುರಿದು, ಬೀಜಗಳನ್ನು ಅಂಗೈಯಲ್ಲಿ ಹಿಡಿದು ಹೇಳಿದರು: "ಕಾಯಿ ತಾಯಿದು ಮಗಾ, ಅದು ಈ ವರ್ಷ ಸಿಹಿನೇ. ಬೀಜ ಮಾತ್ರ ಜೇನು ಎಲ್ಲಿಂದ ಯಾವ ಪರಾಗ ತಂತೋ ಅದರದ್ದು. ಇದನ್ನ ನೋಡಿದ್ರೆ ಗೊತ್ತಾಗಲ್ಲ, ಅಗಿದ್ರೂ ಗೊತ್ತಾಗಲ್ಲ. ಬಿತ್ತಿ, ಬೆಳೆದು, ಬರೋ ವರ್ಷ ಬಾಯಿಗಿಟ್ಟಾಗಲೇ ಗೊತ್ತಾಗೋದು." ಬೇರೆ ಸಾಲುಗಳಿಂದ ಬೀಜ ತೆಗೆಯೋಣ ಎಂದೆ. "ಜೇನಿಗೆ ಸಾಲಿನ ಲೆಕ್ಕ ಹೇಳಿಕೊಟ್ಟೋರ್ಯಾರು?" ಎಂದರು. ಹೋದ ವರ್ಷದ್ದು ಡಬ್ಬಿಯಲ್ಲಿದೆಯೇ ಎಂದು ಓಡಿ ಹೋಗಿ ನೋಡಿದೆ. ಖಾಲಿ. ಬಿತ್ತಿ ಮಿಕ್ಕ ಬೀಜವನ್ನೆಲ್ಲ ನೀವು ಪುಡಿಯ ಜೊತೆ ಬೀಸಿಸಿಬಿಡುತ್ತೀರಲ್ಲ, ಬೀಜದ ಎಣ್ಣೆಯಿಲ್ಲದೆ ಪುಡಿಗೆ ಹೊಳಪು ಬರುವುದಿಲ್ಲ ಎಂದು. ಡಬ್ಬಿಯ ತಳದಲ್ಲಿ ನಿಮ್ಮ ಅಕ್ಷರದಲ್ಲಿ ಬರೆದ ಚೀಟಿ ಮಾತ್ರ ಇತ್ತು, ಮೂರು ವರ್ಷದ ತಾರೀಕುಗಳು. ನಾನು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ನೆಲದಲ್ಲೇ ಕೂತುಬಿಟ್ಟೆ.

ಒಳ್ಳೆಯ ಮನಸ್ಸಿನಿಂದಲೇ ವಿಲ್ಮಾ ದೊಡ್ಡಮ್ಮ ನನಗೆ ಒಂದು ದಾರಿ ತೋರಿಸಿದರು. ಅದನ್ನು ಬರೆಯುತ್ತಿದ್ದೇನೆ ಎಂದು ಅವರಿಗೂ ಹೇಳಿದ್ದೇನೆ, ನೀವು ಕೋಪ ಮಾಡಿಕೊಳ್ಳಬಾರದು. "ಬಾಯಿ ಮುಚ್ಚಿಕೊಂಡು ಇದೇ ಬೀಜ ಡಬ್ಬಿಗೆ ಹಾಕು. ಬರೋ ವರ್ಷ ನಾಲ್ಕು ಗಿಡ ಖಾರ ಬಂದ್ರೆ, ಪಕ್ಕದ ಬೀದಿಯಿಂದ ಜೇನು ಬಂದಿರಬೇಕು ಅಂತ ಎಟೆಲ್ಕಾನೇ ಅಂದ್ಕೊಳ್ತಾಳೆ. ನಿನ್ನನ್ನ ಯಾರೂ ಕೇಳಲ್ಲ." ಅಂಬ್ರುಶ್ ಕೂಡ ಊದಿದ ತುಟಿಯಲ್ಲೇ "ಸುಮ್ನಿರೋದೇ ವಾಸಿ ಕಣೇ, ಅಮ್ಮಂಗೆ ಬಿಪಿ ಇದೆ" ಎಂದ. ಮೂರು ದಿನ ನಾನೂ ಹಾಗೇ ಮಾಡೋಣ ಎಂದುಕೊಂಡಿದ್ದೆ, ಸುಳ್ಳು ಹೇಳುವುದಿಲ್ಲ. ನಾಲ್ಕನೇ ದಿನ ಪುಡಿಯ ಕೊನೆಯ ಡಬ್ಬಿ ತೆರೆದು ಆಲೂಗಡ್ಡೆ ಸಾರಿಗೆ ಒಂದು ಚಮಚ ಹಾಕಿದೆ. ಬಿಸಿ ಕೊಬ್ಬಿನಲ್ಲಿ ಅದು ಅರಳಿ, ಮನೆಯೆಲ್ಲ ಆ ವಾಸನೆ, ಬಿಸಿಲಿನಲ್ಲಿ ಕಾಯ್ದ ಹಣ್ಣಿನ ಹಾಗೆ. ನೀವು ಸೌಟು ಕೈಗೆ ಕೊಟ್ಟು "ಪಾತ್ರೆ ಒಲೆಯಿಂದ ಇಳಿಸಿ ಆಮೇಲೆ ಹಾಕು, ಸುಟ್ರೆ ಅಳುತ್ತೆ ಅದು" ಎಂದು ಕಲಿಸಿದ್ದು ನೆನಪಾಯಿತು. ಮುಂದಿನ ವರ್ಷ ನೀವು ಒಂದು ಕಾಯಿ ಕಚ್ಚಿ, ತಪ್ಪು ನಿಮ್ಮದೇ ಇರಬೇಕೆಂದು ತೋಟದಲ್ಲಿ ಒಬ್ಬರೇ ನಿಂತು ಯೋಚಿಸುವುದನ್ನು ನಾನು ಅಡುಗೆಮನೆ ಕಿಟಕಿಯಿಂದ ನೋಡಬೇಕಾಗುತ್ತದೆ. ಅದು ನನ್ನಿಂದಾಗದು.

ಸರಿ, ಈಗ ಒಳ್ಳೆಯ ಸುದ್ದಿ. ಅಥವಾ ಒಳ್ಳೆಯದಾಗಬಹುದಾದ ಸುದ್ದಿ! ಅದೇ ಸಾರನ್ನು ತಿನ್ನುತ್ತಾ ನನಗೆ ಥಟ್ಟನೆ ಹೊಳೆಯಿತು: ಹೋದ ವರ್ಷದ ಕಾಯಿ ಎಲ್ಲವೂ ಬೀಸಿ ಹೋಗಿಲ್ಲ. ಫೆಬ್ರವರಿಯಲ್ಲಿ, ನಮ್ಮ ಮದುವೆಯ ದಿನ, ನೀವು ಅತಿ ಉದ್ದದ ಸರವನ್ನು ನನ್ನ ಅಮ್ಮನ ಕೊರಳಿಗೆ ಹಾಕಿದಿರಲ್ಲ! ಅದು ಈಗಲೂ ಬುಡಾಪೆಸ್ಟಿನ ಅಡುಗೆಮನೆಯಲ್ಲಿ ನೇತಾಡುತ್ತಿದೆ. ಬಿಚ್ಚದ ಕಾಯಿಯೊಳಗೆ ನಿಮ್ಮ ಬೀಜ! ನಾನು ಚಮಚ ಎಸೆದು ಫೋನಿಗೆ ಓಡಿದೆ.

ಈಸ್ಟರ್‌ನಲ್ಲಿ ನಾವು ಅಮ್ಮನ ಮನೆಗೆ ಹೋದಾಗ ನೀವು ಆ ಸರ ನೋಡಿ ಕಾಫಿ ಅರ್ಧಕ್ಕೆ ಬಿಟ್ಟದ್ದು ನನಗೆ ಗೊತ್ತು. ಅಮ್ಮ ಅದಕ್ಕೆ ಹೊಳಪು ಬರಲೆಂದು ಕೂದಲಿಗೆ ಹೊಡೆಯುವ ಸ್ಪ್ರೇ ಹೊಡೆದಿದ್ದರು. ಬಸ್ಸಿನಲ್ಲಿ ಮನೆಗೆ ಬರುವಾಗ ನೀವು "ಉಸಿರುಗಟ್ಟಿಸಿಬಿಟ್ಟಿದ್ದಾರೆ" ಎಂದಿದ್ದಿರಿ, ಅದು ಸರದ ಬಗ್ಗೆ ಎಂದು ನನಗೆ ತಿಳಿಯಲು ಅರ್ಧ ಗಂಟೆ ಬೇಕಾಯಿತು. ಆಮೇಲಿಂದ ನೀವಿಬ್ಬರೂ ಒಬ್ಬರ ಬಗ್ಗೆ ಒಬ್ಬರು ನನ್ನ ಹತ್ತಿರ ತುಂಬಾ ಮರ್ಯಾದೆಯಿಂದ ಮಾತಾಡುತ್ತೀರಿ, ಅದಕ್ಕಿಂತ ಜಗಳವೇ ವಾಸಿ. ಫೋನಿನಲ್ಲಿ ಅಮ್ಮ ಕೇಳಿದರು: "ಕೊಟ್ಟ ಉಡುಗೊರೆ ವಾಪಸ್ ಕೇಳ್ತಿದ್ದಾರಾ ನಿಮ್ಮತ್ತೆ?" "ಅವರಿಗೆ ಗೊತ್ತೇ ಇಲ್ಲಮ್ಮಾ, ಕೇಳ್ತಿರೋದು ನಾನು" ಎಂದು ಐದು ಸಸಿಯ ಕಥೆಯನ್ನೆಲ್ಲ ಹೇಳಿದೆ.  ಆಮೇಲೆ, "ಅಂದ್ರೆ ಅವರು ನನ್ನ ಕೊರಳಿಗೆ ಹಾಕಿದ್ದು ಅಲಂಕಾರ ಅಲ್ವೇನೇ? ಅವರ ತಾಯಿ ಬೀಜನಾ? ಯಾಕೆ ಯಾರೂ ನನಗೆ ಹೇಳಲಿಲ್ಲ?" ಎಂದರು. ಅಲ್ಲಿ ಅಮ್ಮ ಅಳುತ್ತಿದ್ದರೋ ಈರುಳ್ಳಿ ಹೆಚ್ಚುತ್ತಿದ್ದರೋ ಗೊತ್ತಾಗಲಿಲ್ಲ.

ಮೊನ್ನೆ ಶನಿವಾರ ನಾನೇ ಹೋದೆ. ಅಮ್ಮ ಸರವನ್ನು ಇಳಿಸಿ, ಟವೆಲ್ಲಿನಲ್ಲಿ ಮಗುವನ್ನು ಸುತ್ತುವ ಹಾಗೆ ಸುತ್ತಿ ಇಟ್ಟಿದ್ದರು. ಒಂದೇ ಚಿಂತೆ: ಅದನ್ನು ನೇತುಹಾಕಿದ್ದದ್ದು ಗ್ಯಾಸ್ ಒಲೆಯ ಮೇಲೆ. ಎಂಟು ತಿಂಗಳು ಆವಿ, ಕಾವು. ಕಾಯಿಗಳು ಅಲ್ಲಾಡಿಸಿದರೆ ಗಲಗಲ ಎನ್ನುತ್ತವೆ, ಆದರೆ ಒಳಗಿನದು ಬದುಕಿದೆಯೋ ಬೆಂದಿದೆಯೋ ಯಾರಿಗೆ ಗೊತ್ತು? ನೂರ ನಲವತ್ತು ಕಾಯಿಗಳಿವೆ. ಬಸ್ಸಿನಲ್ಲಿ ಮೂರು ಗಂಟೆ ತೊಡೆಯ ಮೇಲಿಟ್ಟುಕೊಂಡು ತಂದೆ. ಮರುದಿನ ಬೇರೆ ಬೇರೆ ಕಾಯಿಗಳಿಂದ ಇಪ್ಪತ್ತು ಬೀಜ ಆರಿಸಿ, ಒದ್ದೆ ಬಟ್ಟೆಯಲ್ಲಿ ಸುತ್ತಿ, ನಿಮ್ಮ ಅದೇ ಚೀಲದಲ್ಲಿ ಹಾಕಿ, ಏಪ್ರನ್ನಿನ ಒಳಗೆ ಹೊಟ್ಟೆಗೆ ಕಟ್ಟಿಕೊಂಡಿದ್ದೇನೆ. ಹಾಸಿಗೆಯಲ್ಲೂ ಬಿಚ್ಚುವುದಿಲ್ಲ. ನಿಮ್ಮ ಮಗ "ನಮ್ಮಿಬ್ಬರ ಮಧ್ಯೆ ಈಗಾಗ್ಲೇ ಇಪ್ಪತ್ತು ಜನನಾ?" ಎಂದು ಗೋಡೆ ಕಡೆ ತಿರುಗಿ ಮಲಗುತ್ತಾನೆ. ಊರಿನವರ ಮಾತು ಕೇಳಬೇಡಿ. ಏಪ್ರನ್ನು ಉಬ್ಬಿದ್ದು ನೋಡಿ ಪಾದ್ರಿಗಳ ಮನೆಯ ಅಡುಗೆಯಾಕೆ ಬ್ರೆಡ್ ಅಂಗಡಿಯಲ್ಲಿ ನನ್ನ ಕೈ ಹಿಡಿದುಕೊಂಡು "ಎಷ್ಟು ತಿಂಗಳು?" ಎಂದರು. "ನಾಲ್ಕು ದಿನ" ಎಂದೆ. ಅವರ ಮುಖ ನೀವು ನೋಡಬೇಕಿತ್ತು! ಪೇಚ್ ತನಕ ಯಾವ ಸುದ್ದಿಯಾದರೂ ಬಂದರೆ, ಅದು ಮೆಣಸಿನಕಾಯಿ, ಮೊಮ್ಮಗುವಲ್ಲ.

ಬೀಜದ ಗಂಟು ಬಿಚ್ಚಲು ಇನ್ನೂ ಒಂದು ವಾರ ಬೇಕು. ಇವತ್ತೇ ಇದನ್ನು ಅಂಚೆಗೆ ಹಾಕಿದರೆ ನೀವು ವಾರವಿಡೀ ಅಲ್ಲಿ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಓಡಾಡುತ್ತೀರಿ, ಮೊಣಕಾಲಿಗೆ ಒಳ್ಳೆಯದಲ್ಲ. ಅದಕ್ಕೇ ಇಟ್ಟುಕೊಳ್ಳುತ್ತೇನೆ. ಬೀಜ ಬದುಕಿದೆ ಅಂತಲೋ ಸತ್ತಿದೆ ಅಂತಲೋ ಬರೆದೇ ಕಳಿಸುತ್ತೇನೆ. ಏನೇ ಆದರೂ ಕಳಿಸುತ್ತೇನೆ, ಅಂಬ್ರುಶ್ ಮುಂದೆ ಪ್ರಾಮಿಸ್ ಮಾಡಿದ್ದೇನೆ.

ಕಿಂಗಾ ಅತ್ತಿಗೆಗೆ, ಭಾವನಿಗೆ ನನ್ನ ನಮಸ್ಕಾರ. ಪುಟಾಣಿಗಳ ಹಿಮ್ಮಡಿಗೆ ನನ್ನ ಪರವಾಗಿ ಒಂದೊಂದು ಕಚ್ಚು. ವಿಲ್ಮಾ ದೊಡ್ಡಮ್ಮನ ಕಣ್ಣು ಪೂರ್ತಿ ವಾಸಿಯಾಗಿದೆ, ನಿಮಗೆ ಅವರ ಅಪ್ಪುಗೆ. ಮಣ್ಣಿನ ವಾಸನೆಯ ನಿಮ್ಮ ಎರಡೂ ಕೈಗಳಿಗೆ ಮುತ್ತಿಡುತ್ತಾ,

ನಿಮ್ಮ ಸೊಸೆ
ಬೊರೋಕಾ

ತಾ.ಕ. — ಅಕ್ಟೋಬರ್ ೧೭, ಶುಕ್ರವಾರ. ಅವಸರದಲ್ಲಿ ಬರೆಯುತ್ತಿದ್ದೇನೆ, ಅಂಚೆಯವನು ಬ್ರೆಡ್ ಅಂಗಡಿಯ ತನಕ ಬಂದಿದ್ದಾನೆ. ಮೊದಲು ಒಂದು ವಿಷಯ: ಈ ವರ್ಷದ ಬೀಜವನ್ನು ಡೆಜೋ ಮಾಮನ ಗಿರಣಿಗೆ ಕೊಟ್ಟು ಮೊದಲ ಪುಡಿಯ ಜೊತೆ ಬೀಸಿಸಿಬಿಟ್ಟೆ. ಅದನ್ನು ಬುಧವಾರವೇ, ಬೀಜದ ಗಂಟು ಬಿಚ್ಚುವ ಎರಡು ದಿನ ಮೊದಲೇ ಮಾಡಿದೆ. ಹಳೆಯ ಬೀಜ ಸತ್ತಿದ್ದರೆ ನನ್ನ ಮನಸ್ಸು ಇದನ್ನೇ ಡಬ್ಬಿಗೆ ಹಾಕು ಎಂದೀತು ಎಂಬ ಭಯವಿತ್ತು. ಪುಡಿ ತುಂಬಾ ಚೆನ್ನಾಗಿ ಹೊಳೆಯುತ್ತಿದೆ. ಈಗ ಗಂಟಿನ ವಿಷಯ: ಇವತ್ತು ಬೆಳಗ್ಗೆ ವಿಲ್ಮಾ ದೊಡ್ಡಮ್ಮ, ಅಂಬ್ರುಶ್, ನಾನು ಮೂವರೂ ಅದನ್ನು ಮೇಜಿನ ಮೇಲೆ ಬಿಚ್ಚಿದೆವು. ಹದಿನೇಳು ಬೀಜ ಹಾಗೇ ಇದ್ದವು. ಮೂರು ಮೊಳೆತಿವೆ. ಇಪ್ಪತ್ತಕ್ಕೆ ಮೂರೇ ಮೂರು. ನಾನು ಅಳಲು ಶುರು ಮಾಡಿದೆ, ವಿಲ್ಮಾ ದೊಡ್ಡಮ್ಮ "ಏ ಪೆದ್ದಿ, ನೂರ ನಲವತ್ತು ಕಾಯಿಲಿ ಎಷ್ಟು ಬೀಜ ಇದೆ ಅಂತ ಲೆಕ್ಕ ಹಾಕೇ, ನಿಮ್ಮತ್ತೆ ಸಾಲಿಗೆ ಬೇಕಾಗಿರೋದು ಅರವತ್ತು!" ಎಂದು ಬೆನ್ನಿಗೆ ಗುದ್ದಿದರು. ಬೀಜ ಬದುಕಿದೆ ಅತ್ತೆಮ್ಮಾ! ಅಮ್ಮನಿಗೂ ಫೋನ್ ಮಾಡಿದೆ, ಮಾರ್ಚಿನಲ್ಲಿ ಬಿತ್ತುವಾಗ ತಾನೂ ಬರಬಹುದಾ ಎಂದು ನಿಮ್ಮನ್ನು ಕೇಳಲು ಹೇಳಿದ್ದಾರೆ. ನೀವೇ ಅವರಿಗೆ ಬರೆಯಿರಿ, ನನ್ನ ಮೂಲಕ ಬೇಡ. ಇನ್ನೊಂದು. ಮೊಳೆತ ಆ ಮೂರನ್ನು ಎಸೆ ಎಂದರು ಎಲ್ಲರೂ, ಚಳಿಗಾಲ ಬರುತ್ತಿದೆ, ಬದುಕುವುದಿಲ್ಲ, ನನಗೂ ಗೊತ್ತು. ನಿಮ್ಮ ಹಾಲಿನ ನೀಲಿ ಲೋಟದಲ್ಲಿ ಮಣ್ಣು ತುಂಬಿ ನೆಟ್ಟು ಅಡುಗೆಮನೆ ಕಿಟಕಿಯಲ್ಲಿ ಇಟ್ಟಿದ್ದೇನೆ. ಬೈಯುವುದಿದ್ದರೆ ಪತ್ರದಲ್ಲಿ ಬೇಡ, ಮನೆಗೆ ಬಂದು ಬೈಯಿರಿ.